ಕೀ ಸ್ವಲ್ಪ ಅಲುಗಿಸಿದರೆ ಸ್ಟಾರ್ಟ್ ಆಗುತ್ತೆ

(ಮಹಿಳಾ ವೇದಿಕೆಯ ವಾರ್ಷಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)

ವೇದಿಕೆಯ ಮೇಲಿರುವ ಸಂಘದ ಹಿರಿಯರೇ, ಮಹಿಳಾ ವೇದಿಕೆಯ ಅಕ್ಕ-ತಂಗಿಯರೇ, ಹೊರಗೆ ಬಿಸಿಬೇಳೆಬಾತಿನ ಘಮ ಬರುತ್ತಿದ್ದರೂ ನನ್ನ ಮಾತಿಗಾಗಿ ಕೂತಿರುವ ಸಭಿಕರೇ,

"ನಾನು ಈಚೆಗೆ ಕಲಿತ ಒಂದು ಕೆಲಸ" ಎಂಬ ವಿಷಯದ ಮೇಲೆ ಹತ್ತು ಹದಿನೈದು ನಿಮಿಷ ಮಾತಾಡಬೇಕು ಅಂತ ಕಾರ್ಯದರ್ಶಿಯವರು ಫೋನ್ ಮಾಡಿದ್ದರು. ನನಗಿಂತ ಮೊದಲು ಮಾತಾಡಿದ ಅಕ್ಕನವರು ಕಸೂತಿಯ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದರು! ನನ್ನ ವಿಷಯ ಏನು ಅಂತ ಕೇಳಿದಾಗ, "ಹಳೆಯ ಸ್ಪೋರ್ಟ್ಸ್ ಕಾರಿನ ಇಗ್ನಿಷನ್ ಸ್ವಿಚ್ ಬದಲಾಯಿಸಿದ್ದು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಡುಗೆದು ಏನಾದ್ರೂ ಇದ್ರೆ ನೋಡ್ರಲ್ಲ" ಅಂದರು. ಅಡುಗೆಯಲ್ಲಿ ನಾನು ಕಲಿತದ್ದಕ್ಕಿಂತ ಸುಟ್ಟದ್ದೇ ಹೆಚ್ಚು. ಆದ್ದರಿಂದ ಕಾರಿನ ಕಥೆಯನ್ನೇ ಹೇಳುತ್ತೇನೆ.

ನನ್ನ ಪರಿಚಯ ಎರಡು ಮಾತಿನಲ್ಲಿ. ಹುಟ್ಟಿದ್ದು, ಬೆಳೆದದ್ದು ಹುಬ್ಬಳ್ಳಿ. ಎಂ.ಟೆಕ್ ಆದ ಮೇಲೆ ಐಟಿ ಕೆಲಸ. ಮದುವೆಯಾಗಿ ಛತ್ರಪತಿ ಸಂಭಾಜಿನಗರಕ್ಕೆ ಬಂದೆ. ಈಗ ಶೇಂದ್ರಾ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ದಿನಾ ಜಾಲ್ನಾ ರಸ್ತೆಯಲ್ಲಿ ಚಿಕಲಠಾಣಾ ದಾಟಿ ಹೋಗುವುದು, ಬರುವುದು. ನಮ್ಮ ಊರು ವಾಹನಗಳ ಊರು ಅಂತ ನಿಮಗೆ ಗೊತ್ತೇ ಇದೆ. ವಾಳೂಜದಲ್ಲಿ ಬಜಾಜ್ ಇದೆ. ಶೇಂದ್ರಾದಲ್ಲಿ ಸ್ಕೋಡಾ ಕಾರ್ಖಾನೆ 2001ರಲ್ಲಿ ಶುರುವಾಯಿತು. ಸುತ್ತಮುತ್ತ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಲೆಕ್ಕವಿಲ್ಲದಷ್ಟು. ಇಂಥ ಊರಿನಲ್ಲಿದ್ದೂ ಒಬ್ಬ ಹೆಂಗಸು "ಈ ವೈರ್ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದರೆ ಗ್ಯಾರೇಜಿನವರು ನಗುತ್ತಾರೆ!

ನನ್ನ ಕಾರು ಶೇಂದ್ರಾದಲ್ಲಿ ಹುಟ್ಟಿದ್ದಲ್ಲ. ಅದು ನಮ್ಮ ಅಪ್ಪನದು. ಎರಡೇ ಬಾಗಿಲಿನ, ನೆಲಕ್ಕೆ ಅಂಟಿದಂತೆ ಓಡುವ, ಕೆಂಪು ಬಣ್ಣದ ಪೆಟ್ರೋಲ್ ಸ್ಪೋರ್ಟ್ಸ್ ಕಾರು, 2004ರ ಮಾಡೆಲ್. ಕಂಪನಿಯ ಹೆಸರು ಬೇಡ. ಇಪ್ಪತ್ತು ವರ್ಷ ದುಡಿದ ಯಾವ ಸ್ವಿಚ್ಚಾದರೂ ಸವೆಯುತ್ತದೆ. ಅಪ್ಪ ಹುಬ್ಬಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಜೀವಮಾನವೆಲ್ಲ ಪಂಪ್‌ಸೆಟ್ ರಿಪೇರಿ ಮಾಡಿ, ಐವತ್ತೈದನೇ ವಯಸ್ಸಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡರು. ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. 2021ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮಾರಿಬಿಡೋಣ ಅಂತ ಎಲ್ಲರೂ ಅಂದರು. ನನಗೆ ಮನಸ್ಸು ಬರಲಿಲ್ಲ. ಕರ್ನಾಟಕದ ಆರ್‌ಟಿಒ ಕಚೇರಿಯಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಎಂಎಚ್ 20 ನಂಬರ್ ಹಾಕಿಸಿಕೊಂಡೆ. ಕೀ ಮಾತ್ರ ಅಪ್ಪನ ಹಿತ್ತಾಳೆಯ ಗೊಂಚಲಿನಲ್ಲೇ ಇತ್ತು. ಅದರಲ್ಲಿ ಅಂಗಡಿಯ ಶಟರ್ ಕೀ, ಗಲ್ಲಾಪೆಟ್ಟಿಗೆಯ ಕೀ, ಯಾವುದೋ ಗೋದಾಮಿನ ಕೀ ಎಲ್ಲ ಸೇರಿ ಹನ್ನೊಂದು ಕೀ. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಆದರೂ ಆ ಗೊಂಚಲು ಕೈಯಲ್ಲಿ ಹಿಡಿದರೆ ಅಪ್ಪನ ಕೈ ಹಿಡಿದಂತೆ ಅನಿಸುತ್ತಿತ್ತು. ಈ ಗೊಂಚಲನ್ನು ನೆನಪಿಟ್ಟುಕೊಳ್ಳಿ.

ತೊಂದರೆ ಸಣ್ಣದಾಗಿ ಶುರುವಾಯಿತು. ಸ್ಪೀಡ್ ಬ್ರೇಕರ್ ಹಾರಿದಾಗ ಹಾಡು ನಿಂತು ಮತ್ತೆ ಬರುವುದು. ಏಸಿಯ ಫ್ಯಾನ್ ಒಂದು ಕ್ಷಣ ಉಸಿರು ಬಿಟ್ಟು ಮತ್ತೆ ತಿರುಗುವುದು. ಮೀಟರಿನ ದೀಪಗಳೆಲ್ಲ ಒಮ್ಮೆಗೇ ಮಿನುಗುವುದು. ಒಂದು ಕಡೆ ಬ್ಯಾಟರಿ ಹಾಳಾಗಿದೆ ಅಂದರು, ಹೊಸದು ಹಾಕಿಸಿದೆ. ಇನ್ನೊಂದು ಕಡೆ ಸ್ಟಾರ್ಟರ್ ಮೋಟರ್ ಬಿಚ್ಚಿ ಜೋಡಿಸಿದರು. ಮೂರನೇ ಕಡೆ, "ಮ್ಯಾಡಮ್, ಗಾಡಿ ಠೀಕ್ ಆಹೇ. ನೀವು ಕ್ಲಚ್ ಸರಿಯಾಗಿ ಬಿಡ್ತಾ ಇಲ್ಲ. ಒಂದು ದಿನ ಸಾಹೇಬರನ್ನ ಕಳಿಸಿ" ಅಂದರು. ನಮ್ಮ ಸಾಹೇಬರಿಗೆ ಕಾರಿನ ಬಾನೆಟ್ ಎಲ್ಲಿಂದ ತೆರೆಯುತ್ತದೆ ಅಂತಲೂ ಗೊತ್ತಿಲ್ಲ. ಅವರೇ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ, ನೋಡಿ.

ಹೀಗೆ ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಮನೆಯವರೆಲ್ಲ ಆ ಕಾರಿಗೆ ಹೊಂದಿಕೊಂಡಿದ್ದೆವು. ಕೀ ಪೂರ್ತಿ ತಿರುಗಿಸಿ, ಸ್ವಲ್ಪ ಹಿಂದಕ್ಕೆ ತಂದು, ಗೊಂಚಲನ್ನು ಕೊಂಚ ಮೇಲಕ್ಕೆ ಎತ್ತಿದರೆ ಸ್ಟಾರ್ಟ್! ಆರು ವರ್ಷದ ನನ್ನ ಮಗಳು ಹಿಂದಿನ ಸೀಟಿನಿಂದ, "ಅಮ್ಮಾ, ಮೇಲೆ ಎತ್ತು" ಅಂತ ಹೇಳಿಕೊಡುತ್ತಿದ್ದಳು. ಅತ್ತೆಯವರು, "ಹಳೇ ಗಾಡಿ ವಾ, ಸ್ವಲ್ಪ ಹೊಂದಿಸ್ಕೊಂಡು ಹೋಗಬೇಕು" ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ನನಗೇ ಸರಿಯಾಗಿ ಓಡಿಸಲು ಬರುವುದಿಲ್ಲವೇನೋ ಅನ್ನುವಷ್ಟರ ಮಟ್ಟಿಗೆ ನಂಬಿದ್ದೆ.

ಒಂದು ಶ್ರಾವಣ ಸೋಮವಾರ ವೇರೂಳಕ್ಕೆ ಹೋಗಿದ್ದೆವು. ಘೃಷ್ಣೇಶ್ವರನ ದರ್ಶನ ಮಾಡಿ, ನಮ್ಮ ರಾಷ್ಟ್ರಕೂಟ ಕೃಷ್ಣ ಕೆತ್ತಿಸಿದ ಕೈಲಾಸ ದೇವಾಲಯವನ್ನು ಮಗಳಿಗೆ ಹೊರಗಿನಿಂದ ತೋರಿಸಿ ವಾಪಸ್ ಹೊರಟೆವು. ಮುಂದೆ ನಾನು ಮತ್ತು ಅತ್ತೆಯವರು, ಹಿಂದೆ ಮಗಳು. ಖುಲ್ದಾಬಾದ್ ದಾಟಿ ದೌಲತಾಬಾದಿನ ಕಡೆಗೆ ಘಾಟ್ ಇಳಿಯುವಾಗ ತುಂತುರು ಮಳೆ. ಒಂದು ತಿರುವಿನಲ್ಲಿ ಗುಂಡಿ ಬಂತು. ಕಾರು ಕುಕ್ಕಿತು. ಎಲ್ಲ ನಿಂತುಹೋಯಿತು. ಹಾಡು, ವೈಪರ್, ಮೀಟರ್, ಇಂಜಿನ್, ಎಲ್ಲ! ಗಾಬರಿಯಲ್ಲಿ ಕ್ಲಚ್ ಒತ್ತಿದೆ. ಸ್ಟೀರಿಂಗ್ ರುಬ್ಬುಗುಂಡಿನಂತೆ ಭಾರವಾಯಿತು. ಎದುರಿಗೆ ಒಂದು ಲಾರಿ ಮೇಲಕ್ಕೆ ಬರುತ್ತಿತ್ತು.

ಆ ನಾಲ್ಕು ಸೆಕೆಂಡಿನಲ್ಲಿ ನಾನು ಏನೂ ಯೋಚಿಸಲಿಲ್ಲ. ಎರಡೂ ಕೈಯಿಂದ ಸ್ಟೀರಿಂಗ್ ಎಳೆದು ಹಿಡಿದೆ. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿದೆ, ಬಿಡಲಿಲ್ಲ. ಕಾರು ಎಡಗಡೆಯ ತಡೆಗೋಡೆಯ ಪಕ್ಕಕ್ಕೆ ಬಂದು ನಿಂತಿತು. ಲಾರಿ ಹಾರ್ನ್ ಹೊಡೆಯುತ್ತಾ ಹೋಯಿತು. ಅತ್ತೆಯವರು ಒಂದು ಕೈಯಲ್ಲಿ ಪ್ರಸಾದದ ಪೊಟ್ಟಣ, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದಿದ್ದರು. "ಏನಾತು ವಾ?" ಅಂದರು. ಹಿಂದಿನಿಂದ ಮಗಳು, "ಅಮ್ಮಾ, ಕೀ ಮೇಲೆ ಎತ್ತು" ಅಂದಳು. ಆಗ ನನಗೆ ಅಳು ಬಂತು. ಅಪಾಯವನ್ನು ಆಟದಂತೆ ಅವಳಿಗೆ ಕಲಿಸಿದವಳು ನಾನೇ ಅಲ್ಲವೇ?

ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಫೀಸಿನಲ್ಲಿ ಒಂದು ಸಾಫ್ಟ್‌ವೇರ್ ಹೀಗೆ ಆಗಾಗ ಕೆಟ್ಟರೆ ನಾನು ಏನು ಮಾಡುತ್ತೇನೆ? ಯಾವಾಗ ಕೆಟ್ಟಿತು, ಏನೇನು ನಿಂತಿತು, ಏನು ನಿಲ್ಲಲಿಲ್ಲ, ಎಲ್ಲ ಬರೆದಿಡುತ್ತೇನೆ. ಕಾರಿಗೂ ಅದನ್ನೇ ಮಾಡಿದೆ. ಎರಡು ಪಟ್ಟಿ ಬರೆದೆ. ನಿಂತವು: ಇಂಜಿನ್, ವೈಪರ್, ಏಸಿ ಫ್ಯಾನ್, ಮ್ಯೂಸಿಕ್ ಸಿಸ್ಟಮ್, ಮೀಟರ್. ನಿಲ್ಲದವು: ಹಜಾರ್ಡ್ ಲೈಟ್, ಒಳಗಿನ ದೀಪ, ಪಾರ್ಕಿಂಗ್ ಲೈಟ್. ಎರಡನೇ ಪಟ್ಟಿಯವು ನೇರವಾಗಿ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಳ್ಳುತ್ತವೆ. ಮೊದಲನೇ ಪಟ್ಟಿಯವೆಲ್ಲ ಒಂದೇ ಬಾಗಿಲು ದಾಟಿ ಬರಬೇಕು. ಆ ಬಾಗಿಲೇ ಇಗ್ನಿಷನ್ ಸ್ವಿಚ್. ಮನೆಯಲ್ಲಿ ಎಲ್ಲ ನಲ್ಲಿಗಳಲ್ಲೂ ಒಟ್ಟಿಗೆ ನೀರು ನಿಂತರೆ ಒಂದೊಂದೇ ನಲ್ಲಿ ಬಿಚ್ಚುತ್ತೀರಾ? ಮೇನ್ ವಾಲ್ವ್ ನೋಡುತ್ತೀರಿ. ಅಷ್ಟೇ ಲೆಕ್ಕ.

ನಾವು ಕೀ ಹಾಕುವ ಜಾಗದಲ್ಲಿ ನಿಜವಾಗಿ ಎರಡು ವಸ್ತುಗಳಿವೆ. ಮುಂದೆ ಇರುವುದು ಬೀಗ. ಕೀ ಹಲ್ಲು ಕೂರುವುದು, ಸ್ಟೀರಿಂಗ್ ಲಾಕ್ ಮಾಡುವುದು ಅದರ ಕೆಲಸ. ಅದರ ಬೆನ್ನಿಗೆ ಇರುವುದು ಪ್ಲಾಸ್ಟಿಕ್ಕಿನ ಒಂದು ಸಣ್ಣ ಡಬ್ಬಿ. ಅದೇ ವಿದ್ಯುತ್ ಸ್ವಿಚ್. ಕೀ ತಿರುಗಿಸಿದಾಗ ಒಳಗಿನ ಲೋಹದ ಪಟ್ಟಿಗಳು ಒಂದಕ್ಕೊಂದು ತಾಗಿ, ಆಫ್, ಆಕ್ಸೆಸರಿ, ಆನ್, ಸ್ಟಾರ್ಟ್ ಎಂಬ ಹಂತಗಳು ಬರುತ್ತವೆ. ವರ್ಷಗಟ್ಟಲೆ ತಿರುಗಿ ತಿರುಗಿ ಪ್ಲಾಸ್ಟಿಕ್ ಸವೆಯುತ್ತದೆ, ತಾಗುವ ಜಾಗ ಸುಟ್ಟು ಕಪ್ಪಾಗುತ್ತದೆ. ಮೇಲಿಂದ ಭಾರದ ಗೊಂಚಲು ಜೋತಾಡಿದರೆ ಸವೆತಕ್ಕೆ ಇನ್ನಷ್ಟು ಸಹಾಯ.

ಅಪ್ಪನ ಮಲ್ಟಿಮೀಟರ್ ನನ್ನ ಹತ್ತಿರ ಇತ್ತು. ಬ್ಯಾಟರಿಯಲ್ಲಿ 12.5 ವೋಲ್ಟ್ ತೋರಿಸಿತು. ಸ್ವಿಚ್ ದಾಟಿದ ಮೇಲೂ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ನನ್ನದರಲ್ಲಿ 9ಕ್ಕೆ ಇಳಿದಿತ್ತು. ಗೊಂಚಲು ಅಲುಗಿಸಿದರೆ ಸೊನ್ನೆ. ನಾಲ್ಕು ತಿಂಗಳು, ಮೂರು ಗ್ಯಾರೇಜು, ಒಂದು ಹೊಸ ಬ್ಯಾಟರಿ. ಉತ್ತರ ಸಿಕ್ಕಿದ್ದು ಐದು ನಿಮಿಷದಲ್ಲಿ. ನನ್ನ ಕ್ಲಚ್ಚಿನ ಕಾಲು ಸರಿಯಾಗಿಯೇ ಇತ್ತು.

ಇಲ್ಲಿ ಒಂದು ದೊಡ್ಡ ಕಥೆ ಹೇಳಬೇಕು. ಇಗ್ನಿಷನ್ ಸ್ವಿಚ್ ಬಗ್ಗೆ ಓದುತ್ತಾ ಹೋದಾಗ ಸಿಕ್ಕಿದ್ದು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಇದೇ ಸ್ವಿಚ್ಚಿಗಾಗಿ ವಾಪಸ್ ಕರೆಸಿತು. ಅದರಲ್ಲಿ ಪಾಂಟಿಯಾಕ್ ಸಾಲ್ಸ್‌ಟಿಸ್, ಸ್ಯಾಟರ್ನ್ ಸ್ಕೈ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳೂ ಇದ್ದವು. ಕೀ ಭಾರವಾಗಿದ್ದರೆ, ಅಥವಾ ಗುಂಡಿಗೆ ಕುಕ್ಕಿದರೆ, ಓಡುತ್ತಿರುವಾಗಲೇ ಕೀ ಹಿಂದಕ್ಕೆ ಜಾರಿ ಇಂಜಿನ್ ನಿಲ್ಲುತ್ತಿತ್ತು. ಸ್ಟೀರಿಂಗಿನ, ಬ್ರೇಕಿನ ಸಹಾಯ ಹೋಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಏರ್‌ಬ್ಯಾಗ್ ಕೂಡ ಬಿಚ್ಚುತ್ತಿರಲಿಲ್ಲ. ಅದೇ ವರ್ಷ ಕ್ಯಾಮರೋ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನೂ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕರೆಸಿದರು. ಅದರಲ್ಲಿ ಚಾಲಕರ ಮೊಣಕಾಲು ತಾಗಿದರೆ ಕೀ ಸರಿಯುತ್ತಿತ್ತು.

ಜಾರ್ಜಿಯಾ ರಾಜ್ಯದ ಒಬ್ಬ ಯುವ ನರ್ಸ್ ತನ್ನ ಕಾರು ಓಡುವಾಗಲೇ ನಿಲ್ಲುತ್ತದೆ ಅಂತ ವರ್ಕ್‌ಶಾಪಿಗೆ ಒಯ್ದಿದ್ದಳು. ಅವರು ಏನೋ ಸರಿ ಮಾಡಿ ಕೊಟ್ಟರು. ಕೆಲವೇ ದಿನಗಳಲ್ಲಿ, 2010ರ ಮಾರ್ಚ್ 10ರಂದು, ತನ್ನ 29ನೇ ಹುಟ್ಟುಹಬ್ಬದ ದಿನವೇ, ಅಪಘಾತದಲ್ಲಿ ತೀರಿಹೋದಳು. ಅವಳ ತಂದೆತಾಯಿ ಬಿಡಲಿಲ್ಲ. ಮಗಳು ಸುಮ್ಮನೆ ಅಷ್ಟು ವೇಗವಾಗಿ ಓಡಿಸುವವಳಲ್ಲ ಅಂತ ಕೋರ್ಟಿಗೆ ಹೋದರು. ಅವರ ವಕೀಲರು ನೇಮಿಸಿದ ಎಂಜಿನಿಯರ್ ಹಳೆಯ ಸ್ವಿಚ್ಚನ್ನೂ ಅಂಗಡಿಯಲ್ಲಿ ಕೊಂಡ ಹೊಸ ಸ್ವಿಚ್ಚನ್ನೂ ಬಿಚ್ಚಿ ಪಕ್ಕದಲ್ಲಿಟ್ಟು ನೋಡಿದ. ಒಳಗಿನ ಒಂದು ಸಣ್ಣ ಕಡ್ಡಿ ಹೊಸದರಲ್ಲಿ ಒಂದೆರಡು ಮಿಲಿಮೀಟರ್ ಉದ್ದ ಇತ್ತು, ಸ್ಪ್ರಿಂಗ್ ಬಿಗಿಯಾಗಿತ್ತು. ಆದರೆ ಎರಡರ ಮೇಲೂ ಪಾರ್ಟ್ ನಂಬರ್ ಒಂದೇ! ಅಂದರೆ ಕಂಪನಿಯೊಳಗೆ ಯಾರೋ 2006ರಲ್ಲೇ ತಪ್ಪು ತಿದ್ದಿದ್ದರು, ತಿದ್ದಿದ್ದು ಯಾರಿಗೂ ಕಾಣದಂತೆ ನಂಬರ್ ಅದೇ ಉಳಿಸಿದ್ದರು. ನಮ್ಮ ಐಟಿಯಲ್ಲಿ ಕೋಡ್ ಬದಲಾಯಿಸಿ ವರ್ಷನ್ ನಂಬರ್ ಬದಲಾಯಿಸದೆ ಬಿಟ್ಟರೆ ಬೈಸಿಕೊಳ್ಳುತ್ತೇವೆ. ಅಲ್ಲಿ ಅದಕ್ಕೆ ಜೀವಗಳು ಹೋದವು. ಪರಿಹಾರ ನಿಧಿ 124 ಸಾವುಗಳನ್ನು ಈ ದೋಷದ ಲೆಕ್ಕಕ್ಕೆ ಒಪ್ಪಿಕೊಂಡಿತು. 2015ರಲ್ಲಿ ಕಂಪನಿ ಸರ್ಕಾರಕ್ಕೆ 90 ಕೋಟಿ ಡಾಲರ್ ಕಟ್ಟಿತು.

ಈ ಪ್ರಕರಣದ ತನಿಖಾ ವರದಿಯಲ್ಲಿದ್ದ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಕಾರು ಓಡುವಾಗ ಇಂಜಿನ್ ನಿಲ್ಲುವುದನ್ನು ಕಂಪನಿಯವರು ವರ್ಷಗಟ್ಟಲೆ "ಗ್ರಾಹಕರ ಅನುಕೂಲ"ದ ವಿಷಯ ಅಂತ ಬರೆದುಕೊಂಡಿದ್ದರು, "ಸುರಕ್ಷತೆ"ಯ ವಿಷಯ ಅಂತ ಅಲ್ಲ. ಹಣೆಪಟ್ಟಿ ಒಂದು ತಪ್ಪಾಗಿ ಹಚ್ಚಿದ್ದರಿಂದ ರಿಪೇರಿ ಹತ್ತು ವರ್ಷ ತಡವಾಯಿತು. ನಾನೂ ನನ್ನ ಕಾರಿಗೆ ಅದೇ ಹಣೆಪಟ್ಟಿ ಹಚ್ಚಿದ್ದೆ. "ಸ್ವಲ್ಪ ಕಿರಿಕಿರಿ, ಅಷ್ಟೇ." ಮನೆಯಲ್ಲಿ ನಾವು ಎಷ್ಟು ವಿಷಯಗಳಿಗೆ ಹೀಗೆ ಹೇಳುತ್ತೇವೆ ಯೋಚಿಸಿ. ಶಾಕ್ ಹೊಡೆಯುವ ಗೀಸರ್, ಸೋರುವ ಗ್ಯಾಸ್ ಪೈಪು, ಆರು ತಿಂಗಳಿಂದ ಇರುವ ಎದೆನೋವು. "ಸ್ವಲ್ಪ ಹೊಂದಿಸ್ಕೊಂಡ್ರೆ ಆಯ್ತು."

ಆ ಕಂಪನಿಗೆ 2014ರ ಜನವರಿಯಲ್ಲಿ ಮುಖ್ಯಸ್ಥೆಯಾಗಿ ಬಂದವರು ಮೇರಿ ಬಾರಾ. ಹದಿನೆಂಟನೇ ವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವ ಕೆಲಸದಿಂದ ಶುರು ಮಾಡಿದ ಎಲೆಕ್ಟ್ರಿಕಲ್ ಎಂಜಿನಿಯರ್. ಕುರ್ಚಿ ಹಿಡಿದ ಕೆಲವೇ ವಾರಗಳಲ್ಲಿ ಈ ಹಳೆಯ ಪಾಪ ಅವರ ತಲೆಗೆ ಬಂತು. ಸಂಸತ್ತಿನ ಮುಂದೆ ಕ್ಷಮೆ ಕೇಳಿದರು, ಹೊರಗಿನವರಿಂದ ತನಿಖೆ ಮಾಡಿಸಿದರು, 15 ಜನರನ್ನು ಕೆಲಸದಿಂದ ತೆಗೆದರು. ಇನ್ನೂ ಹಿಂದಕ್ಕೆ ಹೋದರೆ, 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಗಂಡ ತಯಾರಿಸಿದ ಕಾರನ್ನು ನೂರು ಕಿಲೋಮೀಟರಿಗೂ ದೂರದ ತವರಿಗೆ ಓಡಿಸಿದಳು. ದಾರಿಯಲ್ಲಿ ಪೆಟ್ರೋಲ್ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಗ್ನಿಷನ್ ವೈರ್ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿ ಸರಿ ಮಾಡಿದಳು. ಪ್ರಪಂಚದ ಮೊದಲ ದೂರ ಪ್ರಯಾಣದ ಇಗ್ನಿಷನ್ ರಿಪೇರಿ ಮಾಡಿದ್ದು ತವರಿಗೆ ಹೊರಟ ಒಬ್ಬ ಹೆಂಗಸು! ಗ್ಯಾರೇಜಿನಲ್ಲಿ ಯಾರಾದರೂ ನಕ್ಕರೆ ಇದನ್ನು ಹೇಳಿ.

ಈಗ ನನ್ನ ರಿಪೇರಿಗೆ ಬರುತ್ತೇನೆ. ನಮ್ಮ ದೇಶದಲ್ಲೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ನಂತರ ದೋಷವಿರುವ ವಾಹನ ವಾಪಸ್ ಕರೆಸುವಂತೆ ಸರ್ಕಾರ ಕಂಪನಿಗೆ ಆದೇಶಿಸಬಹುದು. ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ. ಇಪ್ಪತ್ತು ವರ್ಷದ ಕಾರನ್ನು ಯಾರೂ ಕರೆಯುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಅಂಗಡಿಯವರು ಬೀಗ, ಕೀ, ಸ್ವಿಚ್ ಎಲ್ಲ ಸೇರಿದ ಸೆಟ್ ಕೊಳ್ಳಿ ಅಂದರು. ನನಗೆ ಬೇಕಾದದ್ದು ಹಿಂದಿನ ಡಬ್ಬಿ ಮಾತ್ರ. ಹಳೆಯದರ ಪಾರ್ಟ್ ನಂಬರ್ ತೋರಿಸಿ ಪುಣೆಯಿಂದ ತರಿಸಿಕೊಂಡೆ. ಸೆಟ್ಟಿನ ಬೆಲೆಯ ಹತ್ತರಲ್ಲಿ ಒಂದು ಪಾಲು.

ಒಂದು ಭಾನುವಾರ ಕೂತೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಕಾಲು ಗಂಟೆ ಬಿಟ್ಟೆ. ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇದೆ. ಅದರ ಹಳದಿ ಬಣ್ಣದ ಕನೆಕ್ಟರ್ ಮುಟ್ಟಲೇಬಾರದು. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವಚದ ಸ್ಕ್ರೂ ಬಿಚ್ಚಿದೆ. ಎಲ್ಲದರ ಫೋಟೋ ತೆಗೆದುಕೊಂಡೆ. ಸ್ವಿಚ್ಚಿನ ಕನೆಕ್ಟರ್ ಎಳೆದೆ. ಸ್ವಿಚ್ಚನ್ನು ಹಿಡಿದಿದ್ದವು ಎರಡೇ ಪುಟ್ಟ ಸ್ಕ್ರೂ. ಅವು ಅಲುಗದಂತೆ ಕಾರ್ಖಾನೆಯಲ್ಲಿ ಬಣ್ಣ ಹಚ್ಚಿರುತ್ತಾರೆ. ಅದನ್ನು ಕೆರೆದು, ಸ್ಕ್ರೂ ಸಡಿಲಿಸಿ, ಹಳೆಯದನ್ನು ಹೊರಗೆ ಎಳೆದೆ. ಹೊಸದನ್ನು ಹಾಕಿದೆ. ಕೀ ತಿರುಗಲೇ ಇಲ್ಲ! ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಬೀಗ ಯಾವ ಹಂತದಲ್ಲಿದೆಯೋ ಸ್ವಿಚ್ಚಿನ ನಡುವಿನ ಗಾಡಿಯನ್ನೂ ಅದೇ ಹಂತಕ್ಕೆ ತಿರುಗಿಸಿ ಕೂರಿಸಬೇಕು. ಮತ್ತೆ ಬಿಚ್ಚಿ ಸರಿಯಾಗಿ ಕೂರಿಸಿದೆ. ಬ್ಯಾಟರಿ ಜೋಡಿಸಿದೆ. ಕೀ ತಿರುಗಿಸಿದೆ. ಅಲುಗಿಸಲಿಲ್ಲ, ಎತ್ತಲಿಲ್ಲ. ಒಂದೇ ಸಲಕ್ಕೆ ಸ್ಟಾರ್ಟ್! ಮಗಳು ಚಪ್ಪಾಳೆ ತಟ್ಟಿದಳು. ಹಳೆಯ ಡಬ್ಬಿ ಒಡೆದು ನೋಡಿದರೆ ಒಳಗೆ ಪ್ಲಾಸ್ಟಿಕ್ ಸೀಳಿತ್ತು, ತಾಮ್ರ ಸುಟ್ಟು ಕರಿ ಹಿಡಿದಿತ್ತು.

ಆ ಸಂಜೆ ಅತ್ತೆಯವರು ಗೊಂಚಲನ್ನು ಕೈಗೆ ತೆಗೆದುಕೊಂಡರು. ಅವರು ಸೊಸೆಯಾಗಿ ಬಂದ ಕಾಲದಲ್ಲಿ ಸೊಂಟದ ಕೀ ಗೊಂಚಲು ಅಂದರೆ ಮನೆಯ ಯಜಮಾನಿಕೆ. ಅದರ ಭಾರ ಅವರಿಗೆ ಗೊತ್ತು. "ನಿಮ್ಮ ಅಪ್ಪಾರ ನೆನಪು ದೇವರ ಕೋಣ್ಯಾಗ ಇರ್ಲಿ. ಗಾಡಿಗೆ ಒಂದ ಕೀ ಸಾಕು" ಅಂತ ಹೇಳಿ ತಾವೇ ಕಾರಿನ ಕೀ ಬಿಡಿಸಿ ನನ್ನ ಕೈಗಿಟ್ಟರು. ಹನ್ನೊಂದು ಕೀಗಳ ಗೊಂಚಲು ಈಗ ದೇವರ ಮನೆಯ ಮೊಳೆಗೆ ನೇತಾಡುತ್ತಿದೆ. ಅಂದಿನಿಂದ ಅತ್ತೆಯವರು "ಹೊಂದಿಸ್ಕೊಂಡು ಹೋಗು" ಅನ್ನುವುದಿಲ್ಲ. "ಯಾಕ ಹಂಗಾಗತೈತಿ, ನೋಡಿಸು" ಅನ್ನುತ್ತಾರೆ. ಹೋದ ತಿಂಗಳು ತಮ್ಮ ಮೊಣಕಾಲು ನೋವಿಗೆ ತಾವೇ ಡಾಕ್ಟರ ಹತ್ತಿರ ಹೋಗೋಣ ಅಂದರು. ಎರಡು ವರ್ಷದಿಂದ ಮುಚ್ಚಿಟ್ಟಿದ್ದ ನೋವು ಅದು.

ಕೊನೆಯಲ್ಲಿ, ಕಾರು ಓಡಿಸುವ ಅಕ್ಕ-ತಂಗಿಯರಿಗೆ ನಾಲ್ಕು ಮಾತು. ಕಾರಿನ ಕೀ ಜೊತೆ ಮನೆಯ ಕೀಗಳನ್ನೆಲ್ಲ ಕಟ್ಟಬೇಡಿ. ಓಡುವಾಗ ಇಂಜಿನ್ ನಿಂತರೆ ಬ್ರೇಕನ್ನು ಮತ್ತೆ ಮತ್ತೆ ತುಳಿಯಬೇಡಿ. ಬ್ರೇಕಿನ ಸಹಾಯ ಒಂದೆರಡು ಸಲಕ್ಕೆ ಮಾತ್ರ ಉಳಿದಿರುತ್ತದೆ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಎರಡೂ ಕೈ ಹಾಕಿ. ಕಾರು ಪೂರ್ತಿ ನಿಲ್ಲುವವರೆಗೆ ಕೀಯನ್ನು ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು. ಎಲ್ಲರೂ ನನ್ನಂತೆ ಬಿಚ್ಚಿ ಕೂರಬೇಕಿಲ್ಲ, ಒಳ್ಳೆಯ ಎಲೆಕ್ಟ್ರಿಷಿಯನ್ ಇದ್ದರೆ ಅವರಿಂದಲೇ ಮಾಡಿಸಿ. ಆದರೆ ಏನು ಕೆಟ್ಟಿದೆ ಎಂದು ಬರೆದುಕೊಂಡು ಹೋಗಿ. ಕೈಯಲ್ಲಿ ಪಟ್ಟಿ ಇದ್ದರೆ "ಸಾಹೇಬರನ್ನ ಕಳಿಸಿ" ಅನ್ನುವವರು ಕಡಿಮೆಯಾಗುತ್ತಾರೆ.

ಯಾರಿಗಾದರೂ ಮಲ್ಟಿಮೀಟರ್ ಹಿಡಿಯುವುದು ಕಲಿಯಬೇಕೆಂದಿದ್ದರೆ ಒಂದು ಭಾನುವಾರ ನಮ್ಮ ಮನೆಗೆ ಬನ್ನಿ. ಅಪ್ಪನ ಮೀಟರ್ ಇದೆ, ಅತ್ತೆಯವರ ಕೈಯ ಚಹಾ ಇದೆ.